ಸನ್‌ರೂಫ್‌ನಿಂದ ಕಾರಿನೊಳಗೆ ನೀರು ಬರ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮಿರಗದ ಮಳೆ ಹಿಡಿದ ಕೂಡಲೇ ನನ್ನ ಫೋನ್ ಬಡಿದುಕೊಳ್ಳೋಕೆ ಶುರು ಮಾಡುತ್ತದೆ. "ಕಾರೊಳಗ ನೀರ ಬರಾಕತ್ತೈತ್ರಿ, ಏನ್ ಮಾಡೂದು?" ಕೇಳುವವರೆಲ್ಲ ಸನ್‌ರೂಫ್, ಅಂದರೆ ಚಾವಣಿಯಲ್ಲಿ ತೆರೆದು ಮುಚ್ಚುವ ಗಾಜು, ಇರುವ ಕಾರು ತಗೊಂಡವರು. ನಾನು ಮೆಕ್ಯಾನಿಕ್ ಅಲ್ಲ. ಧಾರವಾಡದ ಸಪ್ತಾಪುರದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ. ದಿನಾ ಹೋಗಿ ಬರೋದು ಕಾರಲ್ಲೇ. ಎರಡು ಮಳೆಗಾಲ ಈ ನೀರಿನ ಜೊತೆ ಗುದ್ದಾಡಿ ಒಂದಿಷ್ಟು ಕಲಿತೆ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳಿ ಸಾಕಾಗಿದೆ, ಹಾಗಾಗಿ ಒಂದೇ ಕಡೆ ಬರೆದಿಡ್ತಾ ಇದ್ದೇನೆ.

ನೀರು ಒಳಗೆ ಬಂತು ಅಂದ್ರೆ ರಬ್ಬರ್ ಹೋಗಿದೆ ಅಂತಲೇ ಅಲ್ವಾ?

ಬಹಳ ಸಲ ಅಲ್ಲ. ನಾನೂ ಮೊದಲು ಹಾಗೇ ಅಂದುಕೊಂಡು ಗ್ಯಾರೇಜಿಗೆ ಹೋಗಿ "ಬೀಡಿಂಗ್ ಬದಲಿಸಿ ಕೊಡ್ರಿ" ಅಂದಿದ್ದೆ. ಮಿಸ್ತ್ರಿ ಗಾಜು ತೆಗೆದು, ಟಾರ್ಚ್ ಹಿಡಿದು ಒಂದು ನಿಮಿಷ ನೋಡಿ ಹೇಳಿದ: "ಅಕ್ಕಾರ, ನೀರ ಬರೂದು ತಪ್ಪಲ್ರಿ. ಹೋಗೂದು ನಿಂತೈತಿ."

ಅರ್ಧ ಗಂಟೆ ಬಿಟ್ಟು ಆ ಮಾತು ನನ್ನ ತಲೆಗೆ ಹೋಯಿತು. ಸನ್‌ರೂಫಿನ ಸುತ್ತ ಇರುವ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ. ತಡೆಯಬೇಕು ಅಂತ ಅದನ್ನು ಮಾಡಿಯೂ ಇಲ್ಲ. ಹೆಚ್ಚಿನ ನೀರನ್ನು ಹೊರಗೇ ನಿಲ್ಲಿಸುತ್ತದೆ, ಸ್ವಲ್ಪವನ್ನು ಒಳಗೆ ಬಿಡುತ್ತದೆ. ಹಾಗೆ ಬಂದ ನೀರು ಗಾಜಿನ ಕೆಳಗಿರುವ ಚೌಕಟ್ಟಿನ ಕಾಲುವೆಗೆ ಬೀಳುತ್ತದೆ. ಹಂಚಿನ ಮನೆಗೆ ತಗಡಿನ ದೋಣಿ ಕಟ್ಟಿರ್ತಾರಲ್ಲ, ಅದೇ ಲೆಕ್ಕ. ಕಾಲುವೆಯ ಮೂಲೆಗಳಲ್ಲಿ ತೂತು, ಪ್ರತಿ ತೂತಿಗೆ ಒಂದು ಸಣ್ಣ ಪೈಪು. ಪೈಪು ಕಟ್ಟಿತು ಅಂದರೆ ಕಾಲುವೆ ತುಂಬಿ, ದಂಡೆ ಮೀರಿ ನಿಮ್ಮ ತಲೆ ಮೇಲೆ.

ಆ ಪೈಪುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ?

ಸಾಮಾನ್ಯವಾಗಿ ನಾಲ್ಕು ಇರುತ್ತವೆ. ಮುಂದಿನ ಎರಡು ಮುಂಗಾಜಿನ ಪಕ್ಕದ ಕಂಬದೊಳಗೆ ಇಳಿದು ಮುಂದಿನ ಬಾಗಿಲಿನ ಕೀಲಿನ ಹತ್ತಿರ ಅಥವಾ ಮುಂದಿನ ಚಕ್ರದ ಹಿಂಬದಿ ನೀರು ಬಿಡುತ್ತವೆ. ಹಿಂದಿನ ಎರಡು ಹಿಂದಿನ ಕಂಬದೊಳಗೆ ಇಳಿದು ಹಿಂದಿನ ಚಕ್ರ ಅಥವಾ ಬಂಪರಿನ ಆಸುಪಾಸು ಹೊರಬೀಳುತ್ತವೆ. ಸರಿಯಾದ ಜಾಗ ಕಾರಿನಿಂದ ಕಾರಿಗೆ ಬೇರೆ. ಒಳ ಅಳತೆ ಹೆಚ್ಚು ಕಡಿಮೆ ಒಂದು ಪೆನ್ಸಿಲ್ ಹೋಗುವಷ್ಟು, ಅಷ್ಟೇ. ಒಂದು ಒಣಗಿದ ಬೇವಿನ ಎಲೆ ಸಾಕು.

ಕೆಲವು ಕಾರುಗಳಲ್ಲಿ ಪೈಪಿನ ಕೆಳತುದಿಗೆ ಸಣ್ಣ ರಬ್ಬರ್ ಮುಚ್ಚಳ ಇರುತ್ತದೆ. ಬಾತುಕೋಳಿ ಕೊಕ್ಕಿನ ಹಾಗೆ ಸೀಳು. ಹುಳ, ಧೂಳು ಮೇಲೆ ಹತ್ತಬಾರದು ಅಂತ ಇಟ್ಟದ್ದು. ಆದರೆ ಮೇಲಿಂದ ಬಂದ ಕೆಸರು ಅಲ್ಲೇ ಕೂತು ಆ ಸೀಳನ್ನೇ ಮೆತ್ತಿಬಿಡುತ್ತದೆ. ನನ್ನ ಕಾರಿನ ಎಡಗಡೆ ಆಗಿದ್ದು ಇದೇ. ಎರಡು ಬೆರಳಲ್ಲಿ ಆ ಕೊಕ್ಕನ್ನು ಹಿಂಡಿದರೆ ಮೊದಲು ಕಪ್ಪು ರಾಡಿ, ಆಮೇಲೆ ಒಂದು ಲೋಟದಷ್ಟು ನೀರು ಬಳಬಳ ಅಂತ ಅಂಗೈ ಮೇಲೆ ಬಿತ್ತು. ಎಷ್ಟು ದಿನದಿಂದ ಕಂಬದೊಳಗೆ ನಿಂತಿತ್ತೋ.

ನಮ್ಮ ಕಡೆ ಇದು ಯಾಕೆ ಇಷ್ಟು ಬೇಗ ಕಟ್ಟುತ್ತದೆ?

ಧೂಳು ಮತ್ತು ಮರ. ಧಾರವಾಡದಲ್ಲಿ ನೆರಳು ಹುಡುಕಿ ಕಾರು ನಿಲ್ಲಿಸುತ್ತೇವೆ, ಸರಿ ತಾನೆ? ಸಾಧನಕೇರಿ ಇರಲಿ, ಮಾಳಮಡ್ಡಿ ಇರಲಿ, ವಿಶ್ವವಿದ್ಯಾಲಯದ ರಸ್ತೆ ಇರಲಿ, ಮೇಲೆ ಮರ ಇದ್ದೇ ಇರುತ್ತದೆ. ಯುಗಾದಿ ಸುಮಾರಿಗೆ ಬೇವಿನ ಹೂವು, ಅದರ ಹಿಂದೆಯೇ ಹೊಂಗೆ ಹೂವು, ಆಮೇಲೆ ಗುಲ್‌ಮೊಹರ್ ಪಕಳೆ. ದೊಡ್ಡ ಎಲೆಯಿಂದ ತೊಂದರೆ ಇಲ್ಲ, ಅದು ಗಾಜಿನ ಮೇಲೇ ಉಳಿಯುತ್ತದೆ. ತೊಂದರೆ ಕೊಡೋದು ಗುಲ್‌ಮೊಹರ್ ಮತ್ತು ಹುಣಸೆಯ ಚಿಕ್ಕ ಚಿಕ್ಕ ಎಲೆ. ಸಂದಿಯಲ್ಲಿ ಸಲೀಸಾಗಿ ಇಳಿದು, ನೀರು ತಾಗಿದ ಕೂಡಲೇ ಗಂಜಿಯ ಹಾಗೆ ಆಗುತ್ತದೆ.

ಗದಗ, ನವಲಗುಂದ ಕಡೆ ಮರ ಕಡಿಮೆ, ಎರೆಮಣ್ಣು ಜಾಸ್ತಿ. ಎರೆಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ಬೇಸಿಗೆಯಲ್ಲಿ ಗಾಳಿಗೆ ಹಾರಿದ ಪುಡಿ ಕಾಲುವೆಯಲ್ಲಿ ಕೂರುತ್ತದೆ. ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಅದನ್ನು ಪೈಪಿಗೆ ಇಳಿಸುತ್ತದೆ. ಮತ್ತೆ ಹದಿನೈದು ದಿನ ಬಿಸಿಲು. ಜೂನ್ ಬರೋ ಹೊತ್ತಿಗೆ ಒಳಗೆ ಒಂದು ಬೂಚು ತಯಾರು. ಧಾರವಾಡದ ಕೆಂಪು ಮಸಾರಿ ಮಣ್ಣು ಇಷ್ಟು ಹಟಮಾರಿ ಅಲ್ಲ, ನೀರು ಬಿಟ್ಟರೆ ಬೇಗ ಕರಗುತ್ತದೆ.

ಇನ್ನೊಂದು, ಮಣ್ಣಿನ ಗೂಡು ಕಟ್ಟುವ ಕಣಜ. ತಿಂಗಳುಗಟ್ಟಲೆ ನಿಂತ ಕಾರಿನ ಪೈಪು ಅದಕ್ಕೆ ಹೇಳಿ ಮಾಡಿಸಿದ ಮನೆ.

ನೀರು ಸನ್‌ರೂಫಿನದ್ದೇ ಅಂತ ಹೇಗೆ ಗೊತ್ತಾಗುತ್ತದೆ?

ಮೊದಲು, ನೀರು ಬಂದ ದಿನ ಮಳೆ ಇತ್ತಾ ನೋಡಿ. ಮಳೆಯೇ ಇಲ್ಲ, ಬಿಸಿಲಲ್ಲಿ ಎಸಿ ಹಾಕಿಕೊಂಡು ಹುಬ್ಬಳ್ಳಿಗೆ ಹೋಗಿ ಬಂದ ಮೇಲೆ ಎಡಗಡೆ ಮುಂದಿನ ಸೀಟಿನ ಕಾಲಬುಡ ಒದ್ದೆಯಾಗಿದೆ ಅಂದರೆ ಅದು ಎಸಿ ನೀರು. ಎಸಿಗೂ ನೀರು ಹೊರಗೆ ಬಿಡುವ ಒಂದು ಪೈಪು ಇದೆ, ಅದು ಕಟ್ಟಿದೆ. ಸನ್‌ರೂಫನ್ನು ಬೈಯಬೇಡಿ. ನೀರು ಅಂಟಂಟಾಗಿದ್ದು, ಸಿಹಿ ವಾಸನೆ ಬರ್ತಿದ್ದರೆ ಅದು ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ಅವತ್ತೇ ಗ್ಯಾರೇಜಿಗೆ ಹೋಗಿ.

ಮಳೆ ಬಂದಾಗ ಅಥವಾ ಕಾರು ತೊಳೆದಾಗ ಮಾತ್ರ ನೀರು ಬರುತ್ತಿದ್ದರೆ ಸನ್‌ರೂಫಿನ ಮೇಲೆ ಅನುಮಾನ ಪಡಿ. ಚಾವಣಿಯ ಬಟ್ಟೆಯಲ್ಲಿ, ಒಳದೀಪದ ಸುತ್ತ, ಬಿಸಿಲು ತಡೆಯುವ ಹಲಗೆಯ ಹತ್ತಿರ ಚಹಾ ಚೆಲ್ಲಿದ ಹಾಗೆ ಕಂದು ಕಲೆ ಇದೆಯಾ ನೋಡಿ. ಮುಂಗಾಜಿನ ಪಕ್ಕದ ಕಂಬ ಮುಟ್ಟಿದರೆ ತಣ್ಣಗಿದೆಯಾ? ಹಾಗಿದ್ದರೆ ಮುಂದಿನ ಪೈಪು. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರಿದ್ದರೆ ಹಿಂದಿನದು ಇರಬಹುದು. ಆದರೆ ಹಿಂದಿನ ದೀಪದ ರಬ್ಬರು, ಡಿಕ್ಕಿ ಬಾಗಿಲಿನ ರಬ್ಬರು ಹೋದರೂ ಅಲ್ಲೇ ನೀರು ನಿಲ್ಲುತ್ತದೆ. ಚಾವಣಿ ಮೇಲಿನ ಆಂಟೆನಾ, ಲಗೇಜ್ ಕಟ್ಟುವ ಕಂಬಿಯ ಬೋಲ್ಟು, ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆ, ಇವೂ ಸೋರುತ್ತವೆ. ನೀರಿಗೆ ಒಂದು ಕೆಟ್ಟ ಗುಣ ಇದೆ. ಇಳಿದ ಜಾಗ ಒಂದು, ಕಾಣುವ ಜಾಗ ಇನ್ನೊಂದು.

ಮನೆಯಲ್ಲೇ ಪರೀಕ್ಷೆ ಮಾಡಬಹುದಾ?

ಆರಾಮಾಗಿ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಸನ್‌ರೂಫ್ ಪೂರ್ತಿ ತೆಗೆಯಿರಿ. ಮುಂದಿನ ಎರಡು ಮೂಲೆಯಲ್ಲಿ ಕಾಲುವೆ, ಅದರ ತುದಿಯಲ್ಲಿ ತೂತು ಕಾಣುತ್ತದೆ. ಚಹಾದ ಕಪ್ಪಿನಲ್ಲಿ ಅರ್ಧ ನೀರು ತಗೊಂಡು ಒಂದು ಮೂಲೆಗೆ ಮೆಲ್ಲಗೆ ಬಿಡಿ. ಇನ್ನೊಬ್ಬರು ಕೆಳಗೆ ಬಗ್ಗಿ ನೋಡುತ್ತಿರಲಿ. ಸ್ವಲ್ಪ ಹೊತ್ತಿನಲ್ಲೇ ಕೆಳಗೆ ಧಾರೆ ಬಿದ್ದರೆ ಆ ಪೈಪು ಸರಿ ಇದೆ. ಹನಿ ಹನಿಯಾಗಿ ಬಂದರೆ ಅರ್ಧ ಕಟ್ಟಿದೆ. ಮೂಲೆಯಲ್ಲಿ ನೀರು ನಿಂತೇ ಇದ್ದರೆ ಇನ್ನು ಹಾಕಬೇಡಿ, ಬಟ್ಟೆಯಲ್ಲಿ ಒತ್ತಿ ತೆಗೆಯಿರಿ.

ಪಕ್ಕದ ಮನೆ ಕಾಕಾ ಈ ಪರೀಕ್ಷೆಯನ್ನು ಬಕೆಟ್ಟಿನಲ್ಲಿ ಮಾಡಿದರು. ಸೀಟು ಒಣಗೋಕೆ ನಾಲ್ಕು ದಿನ ಬೇಕಾಯಿತು. ಕಪ್ಪು ಸಾಕು.

ಹಿಂದಿನ ತೂತುಗಳು ಹೆಚ್ಚಿನ ಕಾರುಗಳಲ್ಲಿ ಗಾಜಿನ ಅಡಿ ಮುಚ್ಚಿಹೋಗಿರುತ್ತವೆ. ಅವಕ್ಕೆ ಕೈ ಹಾಕೋದು ಕಷ್ಟ, ಕೆಳತುದಿಯಿಂದಲೇ ನೋಡಬೇಕು.

ಕಟ್ಟಿದ ಪೈಪನ್ನು ಬಿಡಿಸುವುದು ಹೇಗೆ?

ಕಾಲುವೆಯನ್ನು ಮೊದಲು ಕೈಯಿಂದ ಸ್ವಚ್ಛ ಮಾಡಿ. ಹಳೆಯ ಟೂತ್‌ಬ್ರಷ್, ಒದ್ದೆ ಬಟ್ಟೆ ಸಾಕು. ಕಸವನ್ನು ತೂತಿನ ಕಡೆ ತಳ್ಳಬೇಡಿ, ತೂತಿನಿಂದ ಆಚೆ ಎಳೆದುಕೊಳ್ಳಿ. ಸುಮ್ನೆ ಒರೆಸೋಕೆ ಹೋಗಿ ಎಲ್ಲವನ್ನೂ ಪೈಪಿಗೆ ತುಂಬಿದವರನ್ನು ನೋಡಿದ್ದೇನೆ.

ಆಮೇಲೆ ಕೆಳತುದಿ. ಅಲ್ಲಿ ರಬ್ಬರ್ ಕೊಕ್ಕು ಕೈಗೆ ಸಿಕ್ಕರೆ ಹಿಂಡಿ. ಬಹಳ ಕಾರುಗಳ ಕೆಲಸ ಇಷ್ಟಕ್ಕೇ ಮುಗಿಯುತ್ತದೆ.

ಮುಗಿಯಲಿಲ್ಲ ಅಂದರೆ ಹುಲ್ಲು ಕತ್ತರಿಸುವ ಮಷಿನ್ನಿನ ನೈಲಾನ್ ದಾರ ತನ್ನಿ. ಕೃಷಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. 2 ಅಥವಾ 2.5 ಮಿಲಿಮೀಟರ್ ದಪ್ಪ, ಮೂರು ಮೀಟರ್ ಉದ್ದ ಇರಲಿ. ಕತ್ತರಿಸಿದ ತುದಿ ಸೂಜಿಯ ಹಾಗಿರುತ್ತದೆ. ಅದನ್ನು ಬೆಂಕಿಕಡ್ಡಿಯ ಉರಿಗೆ ಕ್ಷಣಹೊತ್ತು ಹಿಡಿದರೆ ಕರಗಿ ಸಾಸಿವೆ ಕಾಳಿನಷ್ಟು ಉಂಡೆ ಆಗುತ್ತದೆ. ಈಗ ಅದು ಪೈಪನ್ನು ಚುಚ್ಚುವುದಿಲ್ಲ. ಮೇಲಿನ ತೂತಿನಿಂದ ನಿಧಾನಕ್ಕೆ ತಿರುಗಿಸುತ್ತಾ ಬಿಡಿ. ತಡೆ ಸಿಕ್ಕರೆ ಒತ್ತಬೇಡಿ. ಸ್ವಲ್ಪ ಹಿಂದೆ ಎಳೆದು, ತಿರುವಿ, ಮತ್ತೆ ಬಿಡಿ. ಬೂಚು ಬಿಟ್ಟುಕೊಂಡಾಗ ಕೈಗೇ ಗೊತ್ತಾಗುತ್ತದೆ, ದಾರ ಒಮ್ಮೆಲೇ ಹಗುರಾಗುತ್ತದೆ.

ಎರೆಮಣ್ಣು ಗಟ್ಟಿಯಾಗಿ ಕೂತಿದ್ದರೆ ಮೊದಲು ಉಗುರುಬೆಚ್ಚನೆ ನೀರಿಗೆ ಎರಡು ಹನಿ ಶಾಂಪೂ ಹಾಕಿ, ಔಷಧಿ ಅಂಗಡಿಯಲ್ಲಿ ಸಿಗುವ ದೊಡ್ಡ ಸಿರಿಂಜಿನಿಂದ ಎರಡು ಮೂರು ಚಮಚದಷ್ಟು ಬಿಟ್ಟು ಅರ್ಧ ಗಂಟೆ ನೆನೆಯಲು ಬಿಡಿ. ಅದೇ ಸಿರಿಂಜಿಗೆ ಸಣ್ಣ ರಬ್ಬರ್ ನಳಿಕೆ ಸಿಗಿಸಿ ತೂತಿಗೆ ಬಿಗಿಯಾಗಿ ಹಿಡಿದು ಹೀರಿಯೂ ತೆಗೆಯಬಹುದು. ನೂಕುವುದಕ್ಕಿಂತ ಹೀರುವುದು ಮೇಲು. ಕಸ ಬಂದ ದಾರಿಯಲ್ಲೇ ಹೊರಗೆ ಬರುತ್ತದೆ.

ಸೈಕಲ್ ಬ್ರೇಕ್ ತಂತಿ, ಕಟ್ಟುವ ತಂತಿ, ಕೊಡೆಯ ಕಡ್ಡಿ ಬೇಡ. ಪೈಪಿಗೆ ತಿರುವುಗಳಿವೆ. ತಂತಿ ಅಲ್ಲಿ ಪೈಪನ್ನು ಹರಿಯುತ್ತದೆ, ಇಲ್ಲವೇ ಮೇಲಿನ ಜೋಡಣೆಯಿಂದ ಕಳಚಿ ಹಾಕುತ್ತದೆ. ಆಮೇಲೆ ನೀರು ಸೀದಾ ಕಂಬದೊಳಗೆ. ಅದನ್ನು ಜೋಡಿಸೋಕೆ ಚಾವಣಿಯ ಬಟ್ಟೆ ಇಳಿಸಬೇಕು.

ಒಂದು ಎಚ್ಚರಿಕೆ. ಮುಂಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್ ಹೊದಿಕೆಯನ್ನು ನೀವೇ ಕೀಳಬೇಡಿ. ಪಕ್ಕದಲ್ಲಿ ಪರದೆಯ ಹಾಗೆ ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದು ಅಲ್ಲೇ, ಚಾವಣಿಯ ಅಂಚಿನಲ್ಲೇ ಹಾದು ಹೋಗುತ್ತದೆ. ಅಲ್ಲಿಂದ ಮುಂದೆ ಗೊತ್ತಿರುವವರ ಕೆಲಸ.

ಪಂಕ್ಚರ್ ಅಂಗಡಿಯಲ್ಲಿ ಹವಾ ಹೊಡೆಸಿದರೆ ಒಂದೇ ನಿಮಿಷದಲ್ಲಿ ಆಗುತ್ತಲ್ಲ?

ಆಗುತ್ತದೆ, ಪೈಪು ಕಳಚುವುದೂ ಒಂದೇ ನಿಮಿಷದಲ್ಲಿ. ಆ ಪೈಪು ಸುಮ್ಮನೆ ಒಂದು ಪ್ಲಾಸ್ಟಿಕ್ ಮೂತಿಗೆ ಸಿಗಿಸಿರುತ್ತದೆ, ಹೆಚ್ಚಿನ ಕಡೆ ಕ್ಲಿಪ್ಪು ಕೂಡ ಇರಲ್ಲ. ಕೆಳಗೆ ಬೂಚು ಗಟ್ಟಿಯಿದ್ದು ಮೇಲಿಂದ ಟೈರಿಗೆ ಹೊಡೆಯುವ ಹವಾ ಬಿಟ್ಟರೆ ದುರ್ಬಲ ಜಾಗ ಬಿಟ್ಟುಕೊಳ್ಳುತ್ತದೆ. ಕಾಲಿನಲ್ಲಿ ಒತ್ತುವ ಸೈಕಲ್ ಪಂಪಿನಷ್ಟು ಮೆಲ್ಲನೆಯ ಹವಾ ಆದರೆ ಪರವಾಗಿಲ್ಲ, ಅದೂ ದಾರ ಒಮ್ಮೆ ದಾಟಿದ ಮೇಲೆ.

ಸುತ್ತಲೂ ಸಿಲಿಕಾನ್ ಬಳಿದು ಮುಚ್ಚಿಬಿಟ್ಟರೆ? ಹೇಗೂ ನಾವು ತೆಗೆಯೋದೇ ಇಲ್ಲ.

ಈ ಪ್ರಶ್ನೆ ಕೇಳದವರೇ ಇಲ್ಲ. ನಾನೂ ಆ ತಪ್ಪು ಮಾಡಿದವಳೇ. ಮೊದಲ ಮಳೆಗಾಲದಲ್ಲಿ ಒಂದು ಕಡೆ ಕೊಟ್ಟಾಗ ಗಾಜಿನ ಸುತ್ತ ಸಿಲಿಕಾನ್ ಎಳೆದು ಕೊಟ್ಟರು. ಒಂದು ವಾರ ಚೆನ್ನಾಗಿತ್ತು. ಕಾರು ಓಡುವಾಗ ಚಾವಣಿ ಸ್ವಲ್ಪ ತಿರುಚುತ್ತದೆ, ಬಿಸಿಲಿಗೆ ಗಾಜು ಹಿಗ್ಗುತ್ತದೆ. ಸಿಲಿಕಾನ್ ಕೂದಲೆಳೆಯಷ್ಟು ಬಿರಿಯಿತು. ಆ ಬಿರುಕಿನಿಂದ ಹೋದ ನೀರಿಗೆ ಹೊರಗೆ ಹೋಗುವ ಪೈಪು ಮೊದಲೇ ಕಟ್ಟಿದೆ. ಮತ್ತೆ ಸೋರಿತು. ಈ ಸಲ ಗಾಜು ತೆಗೆದು ನೋಡೋಕೂ ಆಗಲ್ಲ. ಮಿಸ್ತ್ರಿ ಮೂರು ತಾಸು ಬ್ಲೇಡಿನಲ್ಲಿ ಕೆರೆದು ತೆಗೆದ, ಬಣ್ಣಕ್ಕೆ ಎರಡು ಗೀರು ಬಿದ್ದವು. ಕಲ್ಲಿನ ಹಾಗೆ ಗಟ್ಟಿಯಾಗುವ ಎಂ-ಸೀಲ್ ಅಂಟು ಹಾಕಿಸಿಕೊಂಡವರ ಕಥೆ ಇನ್ನೂ ಕಷ್ಟದ್ದು.

ಸೋರುವ ಮಾಳಿಗೆಗೆ ದೋಣಿ ಬಿಡಿಸಬೇಕು, ಮಾಡನ್ನೇ ಮುಚ್ಚಿದರೆ ಆಗುತ್ತಾ?

ಬ್ರೇಕ್ ಹಾಕಿದಾಗ ಮಾತ್ರ ದಬಕ್ಕಂತ ನೀರು ಬೀಳುತ್ತದೆ. ಇದೇನು?

ಕಾಲುವೆಯಲ್ಲಿ ನೀರು ತುಂಬಿ ನಿಂತಿದೆ ಅಂತ ಅರ್ಥ. ನನಗೆ ಮೊದಲು ಗೊತ್ತಾಗಿದ್ದೂ ಹೀಗೇ. ಯಲ್ಲಾಪುರದಲ್ಲಿ ಊಟ ಮುಗಿಸಿ ಅಂಕೋಲಾ ಕಡೆ ಹೊರಟಿದ್ದೆವು. ಎರಡು ಗಂಟೆಯಿಂದ ಮಳೆ ಬಿಟ್ಟಿರಲಿಲ್ಲ, ಆದರೂ ಒಳಗೆ ಒಂದು ಹನಿ ಇಲ್ಲ. ಅರಬೈಲು ಘಟ್ಟದ ಇಳಿಜಾರಿನಲ್ಲಿ ಮೊದಲ ತಿರುವಿಗೆ ಬ್ರೇಕ್ ಒತ್ತಿದೆ ನೋಡಿ, ಒಳದೀಪದ ಸಂದಿಯಿಂದ ಒಂದು ತಂಬಿಗೆ ನೀರು ಗೇರಿನ ಮೇಲೆ, ನನ್ನ ತೊಡೆ ಮೇಲೆ. ಹಿಂದೆ ಕೂತಿದ್ದ ಅತ್ತೆ "ಅಯ್ಯ, ಮ್ಯಾಲೆ ಯಾರ ನೀರ ಹಾಕಿದ್ರ?" ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಮತಟ್ಟಿನಲ್ಲಿ ಹಿಂದಿನ ಪೈಪು ಅಷ್ಟೋ ಇಷ್ಟೋ ನೀರು ಎಳೆಯುತ್ತಿರುತ್ತದೆ. ಇಳಿಜಾರಿನಲ್ಲಿ ಎಲ್ಲಾ ನೀರು ಮುಂದಕ್ಕೆ ಬರುತ್ತದೆ, ಮುಂದಿನದು ಕಟ್ಟಿದ್ದರೆ ಉಕ್ಕುತ್ತದೆ. ಇದನ್ನು ಗಮನಿಸಿದರೆ ಯಾವ ಪೈಪು ಕೆಟ್ಟಿದೆ ಅಂತ ಅರ್ಧ ಗೊತ್ತಾಗುತ್ತದೆ. ಮುಖ ತಗ್ಗಿಗೆ ಮಾಡಿ ನಿಲ್ಲಿಸಿದಾಗ ಸೋರಿದರೆ ಮುಂದಿನದು, ಏರಿಗೆ ಮುಖ ಮಾಡಿದಾಗ ಸೋರಿದರೆ ಹಿಂದಿನದು. ಒಳದೀಪದಿಂದ ನೀರು ಇಳಿದಿದ್ದರೆ ಆ ದೀಪ, ಅಲ್ಲಿರುವ ಸ್ವಿಚ್ಚು ಒಣಗುವ ತನಕ ಬಳಸಬೇಡಿ.

ಪೈಪು ಎಲ್ಲಾ ಸರಿ ಇದೆ, ಆದರೂ ಸೋರುತ್ತದೆ. ಈಗ?

ಈಗ ರಬ್ಬರು, ಗಾಜು ನೋಡೋಣ. ರಬ್ಬರು ಹರಿದಿದೆಯಾ, ಒಣಗಿ ಗಟ್ಟಿಯಾಗಿದೆಯಾ ಬೆರಳಾಡಿಸಿ. ಗಾಜು ಚಾವಣಿಗೆ ಸಮವಾಗಿ ಕೂರಬೇಕು. ಮುಂದಿನ ಅಂಚು ಕೂದಲೆಳೆ ತಗ್ಗಿದ್ದರೆ, ಹಿಂದಿನ ಅಂಚು ಕೂದಲೆಳೆ ಎತ್ತರ ಇದ್ದರೆ ಅದು ಸರಿಯೇ. ಅದಕ್ಕಿಂತ ಜಾಸ್ತಿ ಹೆಚ್ಚು ಕಡಿಮೆ ಇದ್ದರೆ ಸ್ಕ್ರೂ ಸಡಿಲಿಸಿ ಕೂರಿಸಬೇಕು. ಅದು ಸರ್ವಿಸ್ ಸೆಂಟರಿನ ಕೆಲಸ.

ಬ್ಯಾಟರಿ ಬದಲಿಸಿದ ಮೇಲೆ ಕೆಲವು ಕಾರುಗಳಲ್ಲಿ ಸನ್‌ರೂಫು ತಾನು ಎಲ್ಲಿದ್ದೇನೆ ಅನ್ನೋದನ್ನೇ ಮರೆತುಬಿಡುತ್ತದೆ, ಪೂರ್ತಿ ಮುಚ್ಚುವುದಿಲ್ಲ. ಬಟನ್ ಒತ್ತಿ ಹಿಡಿದು ಮತ್ತೆ ಕಲಿಸಬೇಕು. ಹೇಗೆ ಅಂತ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲೇ ಇರುತ್ತದೆ. ಯಾರೂ ತೆಗೆಯದ ಪುಸ್ತಕ ಅದು.

ರಬ್ಬರಿಗೆ ಸಿಲಿಕಾನ್ ಗ್ರೀಸ್ ಮಾತ್ರ. ಸೋಪಿನ ನೀರಲ್ಲಿ ಒರೆಸಿ, ಒಣಗಿದ ಮೇಲೆ ತೆಳ್ಳಗೆ ಸವರಿ. ವ್ಯಾಸಲೀನ್, ಎಂಜಿನ್ ಆಯಿಲ್, ಡೀಸೆಲ್ ಹಚ್ಚಬೇಡಿ. ಎಣ್ಣೆಗೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಕಾರ್ಪೆಟ್ ಒದ್ದೆಯಾಗಿದೆ. ಬಿಸಿಲಲ್ಲಿ ನಿಲ್ಲಿಸಿದರೆ ಸಾಕಾ?

ಸಾಲದು. ಮೇಲೆ ಕೈ ಇಟ್ಟರೆ ಒಣಗಿದ ಹಾಗೆ ಕಾಣುತ್ತದೆ, ಅಡಿಗಿರುವ ಫೋಮು ಸ್ಪಂಜಿನ ಹಾಗೆ ನೀರು ಹಿಡಿದಿರುತ್ತದೆ. ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಿ. ನೀರು ಮೇಲೆ ಬಂದರೆ ಬಾಗಿಲ ಅಂಚಿನ ಪಟ್ಟಿ ಬಿಚ್ಚಿ ಕಾರ್ಪೆಟ್ ಎತ್ತಬೇಕು, ಅಡಿಗೆ ಹಳೆಯ ಟವೆಲ್ ತುರುಕಿ ಹೀರಿಸಬೇಕು, ಟೇಬಲ್ ಫ್ಯಾನ್ ಹಚ್ಚಬೇಕು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಧಾರವಾಡದಲ್ಲಿ ಬಟ್ಟೆಯೇ ಒಣಗಲ್ಲ, ಕಾರ್ಪೆಟ್ ಎಲ್ಲಿಂದ ಒಣಗಬೇಕು? ನನಗೆ ಆರು ದಿನ ಫ್ಯಾನ್ ಬೇಕಾಯಿತು. ನೀರು ಒಳಗೇ ಉಳಿದರೆ ಬೂಸ್ಟು, ಮುಗ್ಗಲು ವಾಸನೆ, ಬೆಳಿಗ್ಗೆ ಗಾಜಿನ ಒಳಗೆಲ್ಲ ಮಬ್ಬು. ಸೆಂಟು ಹೊಡೆದರೆ ಮುಗ್ಗಲಿಗೆ ಮಲ್ಲಿಗೆ ಸೇರುತ್ತದೆ, ಅಷ್ಟೇ.

ವಾಸನೆಗಿಂತ ದೊಡ್ಡ ಚಿಂತೆ ವೈರಿಂಗು. ಕಾರ್ಪೆಟ್ಟಿನ ಅಡಿ, ಸೀಟಿನ ಅಡಿ, ಡ್ಯಾಶ್‌ಬೋರ್ಡಿನ ಕೆಳಗೆ ಕನೆಕ್ಟರುಗಳು, ಕೆಲವು ಕಾರಲ್ಲಿ ಕಂಟ್ರೋಲ್ ಪೆಟ್ಟಿಗೆಗಳೇ ಇರುತ್ತವೆ. ಕಿಟಕಿ ತಾನಾಗಿ ಇಳಿಯೋದು, ಸೆಂಟ್ರಲ್ ಲಾಕ್ ಹುಚ್ಚಾಟ, ಏರ್‌ಬ್ಯಾಗ್ ದೀಪ ಹತ್ತಿಕೊಳ್ಳೋದು ಕಂಡರೆ ತಡ ಮಾಡಬೇಡಿ. ಸೀಟಿನ ಅಡಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ.

ವಿಮೆ, ವಾರಂಟಿಯಲ್ಲಿ ದುಡ್ಡು ಸಿಗುತ್ತಾ?

ಚೌಕಟ್ಟು ಸರಿಯಾಗಿ ಜೋಡಿಸಿಲ್ಲ, ಪೈಪು ಮೊದಲಿಂದಲೇ ಮಡಚಿದೆ ಅಂತಾದರೆ ಅದು ತಯಾರಿಕೆಯ ದೋಷ, ವಾರಂಟಿ ಕೇಳಬಹುದು. ಎಲೆ, ಮಣ್ಣು ಕಟ್ಟಿದ್ದು ನಿರ್ವಹಣೆಯ ಲೆಕ್ಕ. ವಿಮೆಯವರೂ ಸವೆತ, ನಿರ್ಲಕ್ಷ್ಯಕ್ಕೆ ಕೊಡೋದಿಲ್ಲ. ನೆರೆ ನೀರು ನುಗ್ಗಿದ್ದರೆ ಮಾತು ಬೇರೆ, ಸಮಗ್ರ ವಿಮೆ ಇದ್ದರೆ ಅದು ಬರುತ್ತದೆ. ಬರೀ ಥರ್ಡ್ ಪಾರ್ಟಿ ಇದ್ದರೆ ಇಲ್ಲ. ಏನೇ ಇರಲಿ, ಒಣಗಿಸುವ ಮೊದಲು ನೀರು ಬೀಳುತ್ತಿರುವ ವಿಡಿಯೋ ಮಾಡಿಕೊಳ್ಳಿ. ಸರ್ವಿಸ್ ಸೆಂಟರಿಗೆ ಹೋದ ದಿನ ಬಿಸಿಲೇ ಇರುತ್ತದೆ, "ಎಲ್ಲಿ ಸೋರ್ತದ್ರಿ?" ಅಂತಲೇ ಕೇಳುತ್ತಾರೆ.

ಸನ್‌ರೂಫ್ ಇರುವ ಹಳೆ ಕಾರು ಕೊಳ್ಳುತ್ತಿದ್ದೇನೆ. ಏನು ನೋಡಲಿ?

ಬಾಗಿಲು ತೆಗೆದ ಕೂಡಲೇ ಮೂಸಿ ನೋಡಿ. ಸೆಂಟಿನ ಘಾಟು ಜಾಸ್ತಿ ಇದ್ದರೆ ಅನುಮಾನ ಪಡಿ. ಸ್ಟೆಪ್ನಿ ಎತ್ತಿ ಅಡಿಗೆ ತುಕ್ಕು ನೋಡಿ. ಚಾವಣಿ ಬಟ್ಟೆ ಒಂದು ಕಡೆ ಮಾತ್ರ ಹೊಸದಾಗಿದೆಯಾ? ಗಾಜಿನ ಸುತ್ತ ಸಿಲಿಕಾನ್ ಕಂಡರೆ ಬೆಲೆ ಇಳಿಸಿ ಕೇಳಿ, ಇಲ್ಲಾ ಬಿಟ್ಟುಬಿಡಿ. ನಾನಾದರೆ ಬಿಡುತ್ತೇನೆ.

ಸನ್‌ರೂಫ್ ಇಲ್ಲದ ಕಾರಿಗೆ ಹೊರಗಿನ ಅಂಗಡಿಯಲ್ಲಿ ಹಾಕಿಸಿದರೆ?

ಬೇಡ. ಚಾವಣಿ ಕೊಯ್ದರೆ ಕಾರಿನ ಬಲವೇ ಕಡಿಮೆ. ಸೋರುವುದು ಆಮೇಲಿನ ಮಾತು. ಕಾನೂನೂ ಒಪ್ಪಲ್ಲ. ತಯಾರಕರು ಕೊಟ್ಟ ಮೂಲ ವಿನ್ಯಾಸವನ್ನು ಬದಲಿಸುವ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧಾರದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಮಳೆ ಬಂತು, ಸನ್‌ರೂಫ್ ಮುಚ್ಚುತ್ತಲೇ ಇಲ್ಲ. ದಾರಿಯಲ್ಲಿದ್ದೇನೆ!

ಪೆಟ್ರೋಲ್ ಬಂಕಿನ ಮಾಡಿನ ಕೆಳಗೆ ನಿಲ್ಲಿಸಿ. ಹಳಿಯಲ್ಲಿ ಕಡ್ಡಿ, ಎಲೆ ಸಿಕ್ಕಿದೆಯಾ ನೋಡಿ. ಏನೋ ಸಿಕ್ಕಿದೆ ಅಂತ ಅನಿಸಿದರೆ ಗಾಜು ತಾನಾಗಿ ಹಿಂದೆ ಹೋಗುತ್ತದೆ, ಕೈ ಸಿಕ್ಕಿ ಜಜ್ಜಬಾರದು ಅಂತ ಇರುವ ವ್ಯವಸ್ಥೆ ಅದು. ಫ್ಯೂಸ್ ನೋಡಿ. ಕೆಲವು ಕಾರಲ್ಲಿ ಒಳದೀಪದ ಹಿಂದೆ ಮೋಟರಿಗೆ ಕೀಲಿ ಹಾಕಿ ಕೈಯಿಂದ ತಿರುಗಿಸುವ ಜಾಗ ಇರುತ್ತದೆ. ಏನೂ ಆಗದಿದ್ದರೆ ಒಂದು ತುಂಡು ತಾಡಪತ್ರಿ ಚಾವಣಿ ಮೇಲೆ ಹಾಸಿ, ಎರಡೂ ಕಡೆಯ ಅಂಚನ್ನು ಬಾಗಿಲೊಳಗೆ ಎಳೆದು ಬಾಗಿಲು ಹಾಕಿ. ನಿಧಾನಕ್ಕೆ ಮನೆ ಸೇರಬಹುದು.

ಪೈಪು ಎಷ್ಟು ಸಲ ಸ್ವಚ್ಛ ಮಾಡಬೇಕು?

ನಾನು ವರ್ಷಕ್ಕೆ ಎರಡು ಸಲ ಮಾಡುತ್ತೇನೆ. ಮೇ ಕೊನೆಯ ಭಾನುವಾರ ಒಮ್ಮೆ, ಆಯುಧ ಪೂಜೆಗೆ ಕಾರು ತೊಳೆಯುವಾಗ ಇನ್ನೊಮ್ಮೆ. ಮರದಡಿ ನಿಲ್ಲಿಸುವವರು ನಡುವೆ ಒಮ್ಮೆ ಕಾಲುವೆ ಒರೆಸಲಿ. ಪೂಜೆಯ ದಿನ ಚೆಂಡುಹೂವಿನ ಹಾರವನ್ನು ಚಾವಣಿ ಮೇಲೆ ಹಾಕುವವರಿದ್ದರೆ ಬಾನೆಟ್ಟಿಗೆ ಹಾಕೋಕೆ ಹೇಳಿ. ಹೋದ ವರ್ಷ ನಮ್ಮ ಮನೆಯವರು ಮೇಲೆ ಹಾಕಿದ್ದರು. ಈ ಮೇ ತಿಂಗಳಲ್ಲಿ ಬಲಗಡೆ ಪೈಪಿನಿಂದ ನೈಲಾನ್ ದಾರದ ತುದಿಗೆ ಅಂಟಿಕೊಂಡು ಬಂದಿದ್ದು ಅದೇ ಹಳದಿ ಎಸಳು.